ಜಾಯಿಕಾಯಿ ಹುಟ್ಟಿದ ಊರಿಗೆ ಹೋಗುವುದು ಹೇಗೆ, ಹೋದ ಮೇಲೆ ನೋಡುವುದು ಏನು

ಬಾಲಿಗೆ ಹೋಗಿ ಬಂದವರು ಈಗ ಶಿರಸಿಯಲ್ಲಿ ಕೇರಿಗೊಬ್ಬರು ಸಿಗುತ್ತಾರೆ. ಇದು ಅವರಿಗಲ್ಲ. ಅಡಿಕೆ ತೋಟದ ನಡುವೆ ನಾಲ್ಕು ಜಾಯಿಕಾಯಿ ಮರ ಇಟ್ಟುಕೊಂಡು, ಆಷಾಢದ ಮಳೆಯಲ್ಲಿ ಇದನ್ನು ಒಣಗಿಸೋದು ಹೇಗಪ್ಪಾ ಎಂದು ಒದ್ದಾಡಿದವರು, ಅಥವಾ ಕಾರವಾರ-ಕುಮಟಾ ಕಡೆ ದೋಣಿ, ಬಲೆ, ಐಸ್, ಮೀನಿನ ದರ ಇದೇ ಮಾತು ಕೇಳುತ್ತ ಬೆಳೆದವರು, ಇಂಡೊನೇಷ್ಯಾದ ಒಂದು ಸಣ್ಣ ದ್ವೀಪದ ಹಳ್ಳಿಯಲ್ಲಿ ಒಂದೆರಡು ವಾರ ಕೂತು ಅಲ್ಲಿನವರ ಬದುಕು ಹೇಗಿದೆ, ಮುಂದೆ ಅವರಿಗೆ ಏನಿದೆ ಎಂದು ನೋಡುವ ಆಸೆ ಇದ್ದರೆ, ಅಂಥವರಿಗೆ.

ಊರು ಎಂದರೆ ಬಾಂಡಾ ದ್ವೀಪಗಳಲ್ಲಿರುವ ಆಯ್ ಅಥವಾ ರುನ್. ದೇಶದ ಪೂರ್ವ ಭಾಗದ ಮಾಲುಕು ಪ್ರಾಂತ್ಯದಲ್ಲಿ, ಅಂಬೊನ್ ಪಟ್ಟಣದಿಂದ ಆಗ್ನೇಯಕ್ಕೆ ಸುಮಾರು 200 ಕಿಲೋಮೀಟರ್ ಸಮುದ್ರ ದಾಟಿದರೆ ಈ ದ್ವೀಪಗಳ ಗುಂಪು ಸಿಗುತ್ತದೆ. ನಡುವೆ ನೈರಾ ಎಂಬ ಸಣ್ಣ ಪೇಟೆ, ಅದರ ಎದುರಿಗೇ ಗುನುಂಗ್ ಆಪಿ ಎಂಬ ಜ್ವಾಲಾಮುಖಿ, ಪಶ್ಚಿಮಕ್ಕೆ ಆಯ್, ಅದರಾಚೆ ರುನ್. ಜಾಯಿಕಾಯಿ ಮರದ ಮೂಲ ಊರು ಇದೇ. 18ನೇ ಶತಮಾನದ ಕೊನೆಯ ಭಾಗದವರೆಗೂ ಜಗತ್ತಿನ ಜಾಯಿಕಾಯಿ, ಜಾಪತ್ರೆ ಹೆಚ್ಚುಕಡಿಮೆ ಎಲ್ಲವೂ ಇಲ್ಲಿಂದಲೇ ಹೊರಡುತ್ತಿತ್ತು. ಆಮೇಲೆ ಬ್ರಿಟಿಷರು ಬಾಂಡಾವನ್ನು ಹಿಡಿದಾಗ ಸಸಿಗಳನ್ನು ಪಿನಾಂಗ್, ಸಿಲೋನ್ ಕಡೆಗೆಲ್ಲ ಸಾಗಿಸಿದರು. ಅಲ್ಲಿಗೆ ಈ ದ್ವೀಪಗಳ ಏಕಸ್ವಾಮ್ಯ ಮುಗಿಯಿತು.

ರುನ್ ಉದ್ದ ಸುಮಾರು 3 ಕಿಲೋಮೀಟರ್. ಅಗಲ ಒಂದು ಕಿಲೋಮೀಟರೂ ಇಲ್ಲ. 1667ರ ಬ್ರೆಡಾ ಒಪ್ಪಂದದಲ್ಲಿ ಇಂಗ್ಲಿಷರು ಈ ದ್ವೀಪದ ಮೇಲಿನ ಹಕ್ಕನ್ನು ಡಚ್ಚರಿಗೆ ಬಿಟ್ಟುಕೊಟ್ಟು, ಈಗ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ಇರುವ ಜಾಗವನ್ನು ತಮ್ಮಲ್ಲಿ ಇಟ್ಟುಕೊಂಡರು. ಬರುವ ಪ್ರವಾಸಿಗಳೆಲ್ಲ ಊರವರಿಗೆ ಇದೇ ಕಥೆ ಹೇಳುತ್ತಾರೆ. ದಯವಿಟ್ಟು ನೀವೂ ಹೇಳಬೇಡಿ, ಕೇಳಿ ಕೇಳಿ ಅವರಿಗೆ ಸಾಕಾಗಿದೆ.

ಯಾವಾಗ, ಯಾವ ದಾರಿ

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಇಂಡೊನೇಷ್ಯಾದ ಮಳೆಗಾಲ ನವೆಂಬರ್‌ನಿಂದ ಮಾರ್ಚ್ ಎಂದು ಬರುತ್ತದೆ. ಜಾವಾ, ಬಾಲಿಗೆ ಅದು ಸರಿ. ಅಂಬೊನ್ ಕಡೆ ಮಳೆ ಜಾಸ್ತಿ ಬೀಳುವುದು ಜೂನ್, ಜುಲೈನಲ್ಲಿ, ಅಂದರೆ ನಮ್ಮ ಮಳೆಗಾಲದಲ್ಲೇ. ಆ ತಿಂಗಳುಗಳಲ್ಲಿ ಬಾಂಡಾ ಸಮುದ್ರವೂ ಗಾಳಿಗೆ ಎದ್ದಿರುತ್ತದೆ. ಜನವರಿ, ಫೆಬ್ರವರಿಯಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಆಗಲೂ ಕಷ್ಟ. ಎರಡು ಗಾಳಿಗಳ ನಡುವಿನ ಕಾಲ, ಅಂದರೆ ಮಾರ್ಚ್ ಕೊನೆ-ಏಪ್ರಿಲ್, ಇಲ್ಲವೆ ಅಕ್ಟೋಬರ್-ನವೆಂಬರ್ ನೋಡಿಕೊಳ್ಳಿ. ಜೂನ್-ಜುಲೈನಲ್ಲಿ ಹೇಗೂ ಟ್ರಾಲರ್ ಬಂದ್, ಬಿಡುವಿದೆ, ಹೋಗಿ ಬರೋಣ ಎಂದು ಕಾರವಾರದ ಬೈತಖೋಲ ಬಂದರಿನವರು ಲೆಕ್ಕ ಹಾಕಿದರೆ ಕೆಡುತ್ತದೆ. ನಮ್ಮ ಸಮುದ್ರ ಮುಚ್ಚಿದಾಗ ಅವರದ್ದೂ ಅರ್ಧ ಮುಚ್ಚಿರುತ್ತದೆ.

ಬೆಂಗಳೂರಿನಿಂದ ಬಾಲಿಗೆ, ಮುಂಬಯಿಯಿಂದ ಜಕಾರ್ತಾಕ್ಕೆ ನೇರ ವಿಮಾನಗಳಿವೆ. ಕಾರವಾರದವರಿಗೆ ಗೋವಾ-ಮುಂಬಯಿ ದಾರಿ ಅನುಕೂಲ, ಶಿರಸಿಯವರು ರಾತ್ರಿ ಬಸ್ಸಿಗೆ ಬೆಂಗಳೂರು ಸೇರಬಹುದು. ಜಕಾರ್ತಾದಿಂದ ಅಂಬೊನ್‌ಗೆ ನೇರ ವಿಮಾನಕ್ಕೆ ಮೂರೂವರೆ ಗಂಟೆ ಬೇಕು, ಇಲ್ಲದಿದ್ದರೆ ಮಕಾಸ್ಸರ್‌ನಲ್ಲಿ ಬದಲಿಸಬೇಕು. ಅಂಬೊನ್‌ನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ.

ಭಾರತದ ಪಾಸ್‌ಪೋರ್ಟಿಗೆ ಆಗಮನದ ವೀಸಾ (ವೀಸಾ ಆನ್ ಅರೈವಲ್) ಸಿಗುತ್ತದೆ. 30 ದಿನಕ್ಕೆ 5 ಲಕ್ಷ ರುಪಿಯಾ, ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿ ಆಸುಪಾಸು. ಇನ್ನೂ 30 ದಿನಕ್ಕೆ ಒಂದು ಸಲ ಮುಂದುವರಿಸಬಹುದು. ಆನ್‌ಲೈನಿನಲ್ಲಿ ಮೊದಲೇ ಮಾಡಿಸಿಕೊಂಡರೆ ವಿಮಾನ ನಿಲ್ದಾಣದ ಕ್ಯೂ ತಪ್ಪುತ್ತದೆ. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಬಾಕಿ ಇರಬೇಕು, ವಾಪಸು ಟಿಕೆಟ್ ಕೈಯಲ್ಲಿರಬೇಕು. ನಿಯಮ, ದರ ಬದಲಾಗುತ್ತಿರುತ್ತವೆ. ಟಿಕೆಟ್ ತೆಗೆಯುವ ಮುಂಚೆ ಅವರ ಇಮಿಗ್ರೇಶನ್ ಜಾಲತಾಣ ಒಮ್ಮೆ ನೋಡಿ.

ನಿಜವಾದ ಪ್ರಯಾಣ ಶುರುವಾಗುವುದು ಅಂಬೊನ್‌ನಲ್ಲಿ. ಊರಾಚೆಯ ತುಲೆಹು ಬಂದರಿನಿಂದ ನೈರಾಕ್ಕೆ ವೇಗದ ದೋಣಿ ಹೋಗುತ್ತದೆ, ಸಮುದ್ರ ಚೆನ್ನಾಗಿದ್ದರೆ ಐದಾರು ಗಂಟೆ. ಇದು ದಿನಾ ಇರುವುದಿಲ್ಲ, ಅಲೆ ಎದ್ದರೆ ಇಲ್ಲವೇ ಇಲ್ಲ. ಇನ್ನೊಂದು ಸರ್ಕಾರಿ ಕಂಪನಿ ಪೆಲ್ನಿಯ ದೊಡ್ಡ ಹಡಗು. ಅದು ನಿಧಾನ, ತಿಂಗಳಿಗೆ ಕೆಲವೇ ಸಲ ಬರುತ್ತದೆ, ಆದರೆ ಅಲೆಗೆ ಅಷ್ಟು ಬೇಗ ಹೆದರುವುದಿಲ್ಲ. ಸಣ್ಣ ವಿಮಾನವೂ ಇದೆ. ಸೀಟು ಕೆಲವೇ ಕೆಲವು, ಅದನ್ನು ನಂಬಿ ಕೂರಬೇಡಿ. ನೈರಾದಿಂದ ಆಯ್, ರುನ್‌ಗೆ ಹಳ್ಳಿಯ ದೋಣಿಗಳೇ ಗತಿ. ಅವು ಬೆಳಿಗ್ಗೆ ಹಳ್ಳಿಯಿಂದ ಹೊರಟು ನೈರಾ ಸಂತೆಗೆ ಬರುತ್ತವೆ, ವ್ಯಾಪಾರ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ವಾಪಸು. ಅಂದರೆ ನೀವು ಹತ್ತಬೇಕಾದದ್ದು ವಾಪಸು ಹೋಗುವ ದೋಣಿ. ಬೆಳಿಗ್ಗೆ ಎಂಟಕ್ಕೇ ಬ್ಯಾಗು ಹಿಡಿದು ಜೆಟ್ಟಿಯಲ್ಲಿ ನಿಂತು, ಯಾಕೆ ಯಾರೂ ಹೊರಡುತ್ತಿಲ್ಲ ಎಂದು ಸಿಟ್ಟಾಗಬೇಡಿ.

ಕ್ಯಾಮೆರಾ, ಪಾಸ್‌ಪೋರ್ಟು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿರಲಿ. ನಗದನ್ನು ಅಂಬೊನ್‌ನಲ್ಲೇ ಬಿಡಿಸಿಕೊಳ್ಳಿ, ಅದೂ ಸಣ್ಣ ನೋಟುಗಳಲ್ಲಿ. ಹಳ್ಳಿಯಲ್ಲಿ ಯುಪಿಐ ಎಲ್ಲಿಂದ ಬರಬೇಕು? ಟೆಲ್ಕೊಮ್‌ಸೆಲ್ ಸಿಮ್ ಹಾಕಿಕೊಳ್ಳಿ, ಆ ಕಡೆ ಸಿಗ್ನಲ್ ಸಿಕ್ಕರೆ ಅದಕ್ಕೇ ಸಿಗುವುದು ಜಾಸ್ತಿ. ಊರಿನಿಂದ ಹೊರಡುವ ಮೊದಲೇ ಮಲೇರಿಯಾ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ ಬನ್ನಿ. ದೊಡ್ಡ ಕಾಯಿಲೆ ಬಂದರೆ ಅಂಬೊನ್‌ಗೇ ಹೋಗಬೇಕು, ಅದೂ ದೋಣಿಯಲ್ಲೇ. ಹಾಗಾಗಿ ದಿನಾ ನುಂಗುವ ಮಾತ್ರೆ ಇದ್ದವರು ಲೆಕ್ಕಕ್ಕಿಂತ ಜಾಸ್ತಿ ಒಯ್ಯಿರಿ.

ಇನ್ನೊಂದು ವಿಷಯ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇದು ಭೂಕಂಪದ ಸಮುದ್ರ. ಗುನುಂಗ್ ಆಪಿ 1988ರಲ್ಲಿ ಸಿಡಿದಿತ್ತು. ನೆಲ ಜೋರಾಗಿ, ತುಂಬ ಹೊತ್ತು ಅಲುಗಾಡಿದರೆ ಸೈರನ್ನಿಗೂ ಕಾಯಬೇಡಿ, ಯಾರನ್ನೂ ಕೇಳಬೇಡಿ, ಸೀದಾ ಗುಡ್ಡ ಹತ್ತಿ. ಬಂದ ಮೊದಲ ದಿನವೇ ಮನೆಯಿಂದ ಮೇಲಕ್ಕೆ ಹೋಗುವ ಕಾಲುದಾರಿ ಯಾವುದು ಎಂದು ಕೇಳಿಟ್ಟುಕೊಳ್ಳಿ.

ಮನೆ, ನೀರು, ಊಟ

ಎರಡೂ ದ್ವೀಪಗಳಲ್ಲಿ ಹೋಮ್‌ಸ್ಟೇ ಇವೆ. ಊಟ ಸೇರಿಸಿಯೇ ದರ ಹೇಳುತ್ತಾರೆ, ಯಾಕೆಂದರೆ ಹೊರಗೆ ತಿನ್ನಲು ಹೋಟೆಲ್ ಇಲ್ಲ. ಚೌಕಾಸಿ ಮಾಡಲು ಹೋಗಬೇಡಿ. ಅಕ್ಕಿ, ಸಕ್ಕರೆ, ಎಣ್ಣೆ, ಸಿಲಿಂಡರ್ ಎಲ್ಲ ದೋಣಿಯಲ್ಲಿ ಬರಬೇಕು, ಮೇಲೆ ದೋಣಿಯ ಖರ್ಚು. ಹೊಳೆ ನಡುವಿನ ಐಗಳಕುರ್ವೆ, ಮಾವಿನಕುರ್ವೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೇತುವೆ ಆಗುವ ಮುಂಚೆ ಒಂದು ಮೂಟೆ ಸಿಮೆಂಟಿಗೆ ಕುರ್ವೆಯಲ್ಲಿ ಎಷ್ಟು ಬೀಳುತ್ತಿತ್ತು ಅಂತ ಅಜ್ಜಂದಿರನ್ನು ಕೇಳಿ.

ನೀರು ದೊಡ್ಡ ಪ್ರಶ್ನೆ. ರುನ್ ಹವಳದ ಸುಣ್ಣಕಲ್ಲಿನ ದ್ವೀಪ. ಹೊಳೆ ಇಲ್ಲ, ಮಳೆ ನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟುಕೊಂಡು ಬದುಕುತ್ತಾರೆ. 1616ರಿಂದ ನಾಲ್ಕು ವರ್ಷ ನಥಾನಿಯಲ್ ಕೋರ್ಟ್‌ಹೋಪ್ ಎಂಬ ಇಂಗ್ಲಿಷ್ ಹಡಗಿನವನು ಬೆರಳೆಣಿಕೆಯ ಜನರನ್ನು ಕಟ್ಟಿಕೊಂಡು ಇಲ್ಲಿ ಡಚ್ಚರಿಗೆ ಎದುರು ನಿಂತಾಗ, ಅವನನ್ನು ಫಿರಂಗಿಗಳಿಗಿಂತ ಜಾಸ್ತಿ ಕಾಡಿದ್ದು ಅನ್ನ ಮತ್ತು ನೀರು. ಬಚ್ಚಲಲ್ಲಿ ತೊಟ್ಟಿ, ಅದರ ಮೇಲೆ ಒಂದು ಚೊಂಬು ಇರುತ್ತದೆ. ತೊಟ್ಟಿಯೊಳಗೆ ಕೈಕಾಲು ಅದ್ದಬಾರದು, ಮೊಗೆದು ಹೊಯ್ದುಕೊಳ್ಳಬೇಕು. ನಮ್ಮವರಿಗೆ ಇದು ಸುಲಭ, ಆದರೆ ಹಂಡೆ ತುಂಬಾ ಬಿಸಿನೀರು ಹೊಯ್ದುಕೊಳ್ಳುವ ಮಲೆನಾಡಿನ ಅಭ್ಯಾಸವನ್ನು ಊರಲ್ಲೇ ಬಿಟ್ಟು ಹೋಗಬೇಕು.

ಮೀನು ತಿನ್ನುವವರು ಆರಾಮಾಗಿರುತ್ತಾರೆ. ಟ್ಯೂನಾ ಜಾತಿಯ ಚಕಲಾಂಗ್, ಮೊಮಾರ್ ಎಂಬ ಸಣ್ಣ ಮೀನು, ಸುಟ್ಟದ್ದು, ಸಾರು ಮಾಡಿದ್ದು, ಜತೆಗೆ ಹಸಿಮೆಣಸು, ನಿಂಬೆ ಹಿಂಡಿದ ಚೊಲೊ-ಚೊಲೊ. ಅನ್ನ ಇದೆ, ಮರಗೆಣಸಿದೆ. ಬಾದಾಮಿಯಂಥ ಕೆನಾರಿ ಬೀಜ ಅರೆದು ಹಾಕಿದ ಬದನೆಕಾಯಿ ಪಲ್ಯ ಸಿಕ್ಕಿದರೆ ಬಿಡಬೇಡಿ.

ತಿನ್ನದವರ ಕಥೆ ಬೇರೆ. ಹವ್ಯಕರ ಮನೆಯವರು ಯಾರಾದರೂ ಹೊರಟರೆ ಮೊದಲೇ ಹೇಳಿಬಿಡುತ್ತೇನೆ: ಸಸ್ಯಾಹಾರ ಎಂದರೆ ಅಲ್ಲಿ ಮಾಂಸ ಇಲ್ಲದ ಊಟ, ಮೀನು ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಚಟ್ನಿಗೂ ಸಿಗಡಿಯ ತೆರಾಸಿ ಸೇರಿಸಿರುತ್ತಾರೆ. ಹಾಗಾಗಿ ಒಂದೊಂದನ್ನೂ ಹೆಸರು ಹಿಡಿದು ಬೇಡ ಎನ್ನಬೇಕು. ಇಕಾನ್ ಎಂದರೆ ಮೀನು, ಉದಾಂಗ್ ಎಂದರೆ ಸಿಗಡಿ, ತೆಲುರ್ ಎಂದರೆ ಮೊಟ್ಟೆ. ಈ ಹೆಸರಿಗಿಂತ ಮೊದಲು 'ತಿದಾಕ್ ಮಕಾನ್' ಸೇರಿಸಿದರೆ ತಿನ್ನುವುದಿಲ್ಲ ಎಂದಾಯಿತು. ಕಾಗದದಲ್ಲಿ ಬರೆಸಿಕೊಂಡು ಮನೆಯ ಅಮ್ಮನಿಗೆ ತೋರಿಸಿ. ಮೆಂತೆಹಿಟ್ಟು, ಚಟ್ನಿಪುಡಿ, ಒಂದು ಡಬ್ಬಿ ಅಪ್ಪೆಮಿಡಿ ಜತೆಗಿರಲಿ. ಉಪ್ಪಿನಕಾಯಿ ಡಬ್ಬಿಗೆ ಇನ್ನೂ ಒಂದು ಉಪಯೋಗವಿದೆ. ಅವರು ಜಾಯಿಕಾಯಿಯ ಹೊರಸಿಪ್ಪೆಯಿಂದ ಸಕ್ಕರೆ ಮಿಠಾಯಿ, ಜ್ಯಾಮ್, ಸಿರಪ್ಪು ಮಾಡುತ್ತಾರೆ. ನೀವು ಮಿಡಿ ಕೊಟ್ಟರೆ ಅವರು ಅದನ್ನು ಕೊಡುತ್ತಾರೆ, ಮಾತು ಅಲ್ಲಿಂದ ಶುರುವಾಗುತ್ತದೆ.

ಹಿರಿಯ ಗಂಡಸರನ್ನು ಬಾಪಾಕ್, ಹೆಂಗಸರನ್ನು ಇಬು ಎಂದು ಕರೆಯಿರಿ, ಬರೀ ಹೆಸರು ಹಿಡಿದು ಕರೆಯಬೇಡಿ. ಕೊಡುವುದು, ತೆಗೆದುಕೊಳ್ಳುವುದು ಬಲಗೈಯಲ್ಲಿ. ಊರಿನಲ್ಲಿ ಮುಸ್ಲಿಮರೇ ಜಾಸ್ತಿ. ಸಮುದ್ರ ಸ್ನಾನದ ಬಟ್ಟೆಯಲ್ಲಿ ಕೇರಿಯೊಳಗೆ ನಡೆಯಬಾರದು, ಹೆಂಡದ ಬಾಟಲಿ ಒಯ್ಯಬಾರದು. ರಂಜಾನ್ ತಿಂಗಳಲ್ಲಿ ಹೋದರೆ ಹಗಲು ಎಲ್ಲರೆದುರು ತಿನ್ನಬಾರದು. ಮರಕ್ಕೋ ದಂಡೆಗೋ ತೆಂಗಿನ ಗರಿ ಕಟ್ಟಿ ಗುರುತು ಮಾಡಿದ್ದು ಕಂಡರೆ ಅಲ್ಲಿ ಕಾಯಿ ಕೀಳಬಾರದು, ಮೀನು ಹಿಡಿಯಬಾರದು. ಅದಕ್ಕೆ ಸಾಸಿ ಎನ್ನುತ್ತಾರೆ. ಬೆಳೆ ಬಲಿಯುವವರೆಗೆ ಊರವರೇ ಸೇರಿ ಹಾಕಿಕೊಂಡ ಕಟ್ಟು, ಮಾಲುಕು ದ್ವೀಪಗಳಲ್ಲಿ ಹಳೆಯ ಪದ್ಧತಿ.

ಜೆಟ್ಟಿಯಲ್ಲಿ ಕೂತು ಊರನ್ನು ಓದುವುದು

ಈಗ ಮುಖ್ಯ ವಿಷಯ. ಇಂಥ ಊರಿಗೆ ಹೋದವರು ಎರಡರಲ್ಲಿ ಒಂದು ಮಾಡುತ್ತಾರೆ. ಒಬ್ಬರು ನೀಲಿ ನೀರು ನೋಡಿ ಸ್ವರ್ಗ ಎನ್ನುತ್ತಾರೆ, ಇನ್ನೊಬ್ಬರು ತಗಡಿನ ಮಾಡು ನೋಡಿ ಅಯ್ಯೋ ಪಾಪ ಎನ್ನುತ್ತಾರೆ. ಎರಡೂ ಸುಮ್ನೆ ಮಾತು. ಊರಿನ ಇವತ್ತು ಮತ್ತು ನಾಳೆ ಎರಡೂ ಕಾಣುವುದು ಎರಡು ಜಾಗದಲ್ಲಿ: ದೋಣಿ ಕಟ್ಟುವ ಜೆಟ್ಟಿ ಮತ್ತು ಕಾಯಿ ಒಣಗಿಸುವ ಅಟ್ಟ.

ಜೆಟ್ಟಿಯಲ್ಲಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕೂರಿ. ದೋಣಿಯಲ್ಲಿ ಏನು ಹೋಯಿತು, ಏನು ಬಂತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ. ಹೋಗುವುದು: ಜಾಯಿಕಾಯಿ ಚೀಲ, ಜಾಪತ್ರೆಯ ಹಗುರ ಚೀಲ, ಕೆನಾರಿ, ಲವಂಗ, ಒಣಮೀನು, ಹೈಸ್ಕೂಲಿಗೆ ಹೊರಟ ಮಕ್ಕಳು, ಅಂಬೊನ್‌ಗೆ ಕೆಲಸಕ್ಕೆ ಹೊರಟ ಹುಡುಗರು. ಬರುವುದು: ಅಕ್ಕಿ, ಸೀಮೆಂಟು, ಪೆಟ್ರೋಲ್ ಕ್ಯಾನು, ಇನ್‌ಸ್ಟಂಟ್ ನೂಡಲ್ಸ್, ಐಸ್. ಯಾವ ದಿನ ಐಸ್ ಬರಲಿಲ್ಲವೋ ಆ ದಿನ ಮೀನು ಯಾವ ದರಕ್ಕೆ ಹೋಯಿತು ಎಂದು ಕೇಳಿ. ಗಾಳಿ ಎದ್ದು ವಾರಗಟ್ಟಲೆ ದೋಣಿ ಇಲ್ಲದಾಗ ಅಂಗಡಿಯಲ್ಲಿ ಅಕ್ಕಿ ಎಷ್ಟಾಗುತ್ತದೆ, ಸಾಲ ಯಾರು ಕೊಡುತ್ತಾರೆ ಎಂದೂ ಕೇಳಿ. ಈ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಊರಿನ ಲೆಕ್ಕದ ಅರ್ಧ ಬಿಚ್ಚಿಕೊಂಡಂತೆ. ಕಾಯಿ ಕೊಳ್ಳುವ ಸಾವ್ಕಾರನೇ ಅಕ್ಕಿ ಕಡ ಕೊಡುವವನಾಗಿದ್ದರೆ ಬೆಳೆಗಾರನಿಗೆ ದರ ಕೇಳುವ ಬಾಯಿ ಎಲ್ಲಿರುತ್ತದೆ? ಶಿರಸಿಯಲ್ಲಿ ವಖಾರಿ ಮತ್ತು ಸೊಸೈಟಿ ಎರಡೂ ಇರುವುದರಿಂದ ನಮಗೆ ಇವನಲ್ಲದಿದ್ದರೆ ಅವನು ಎನ್ನುವ ದಾರಿಯಿದೆ. ದ್ವೀಪದಲ್ಲಿ ಎರಡನೇ ಗಿರಾಕಿ ಇದ್ದಾನೋ ಇಲ್ಲವೋ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಇದನ್ನು ಕೇಳುವಾಗ ಸರ್ವೆ ಮಾಡಲು ಬಂದವರ ಹಾಗೆ ಪೆನ್ನು ಎತ್ತಿ ಹಿಡಿಯಬೇಡಿ. ನಿಮ್ಮ ಊರಿನ ದರ ಹೇಳಿ, ಅವರದ್ದನ್ನು ತಾವೇ ಹೇಳುತ್ತಾರೆ.

ಯಾವ ಮನೆಯವರು ಎಲ್ಲಿಂದ ಬಂದವರು ಎಂದು ಕೇಳುವಾಗ ಮಾತ್ರ ಸ್ವಲ್ಪ ಹುಷಾರು. 1621ರಲ್ಲಿ ಡಚ್ ಕಂಪನಿಯ ಯಾನ್ ಪೀಟರ್ಸ್‌ಜೋನ್ ಕೂನ್ ಸೈನ್ಯ ತಂದು ಬಾಂಡಾದ ಜನರನ್ನು ಕೊಂದ, ಓಡಿಸಿದ, ಹಿಡಿದು ಸಾಗಿಸಿದ. ಸುಮಾರು 15,000 ಜನರಲ್ಲಿ ದ್ವೀಪದಲ್ಲಿ ಉಳಿದವರು ಸಾವಿರದಷ್ಟು ಎಂದು ಅಂದಾಜು. ಊರಿನ 44 ಮುಖ್ಯಸ್ಥರ ತಲೆ ಕಡಿಸಿದ. ತಪ್ಪಿಸಿಕೊಂಡವರ ಒಂದು ಗುಂಪು ಕೈ ಎಂಬ ಹೆಸರಿನ ದ್ವೀಪಗಳಿಗೆ ಹೋಯಿತು, ಬಾಂಡಾದ ಹಳೆಯ ಭಾಷೆ ಇವತ್ತು ಉಳಿದಿರುವುದು ಅಲ್ಲೇ. ಇಲ್ಲಿ ಮಾತ್ರ ತೋಟಗಳನ್ನು 68 ಪಾಲು ಮಾಡಿ ಡಚ್ಚರಿಗೆ ಹಂಚಿ, ಗುಲಾಮರನ್ನು ತಂದು ದುಡಿಸಿದರು. ಈಗಿನವರಲ್ಲಿ ಬಹಳ ಜನ ಹಾಗೆ ಬಂದವರ, ಆಮೇಲೆ ಜಾವಾ, ಬೂತೊನ್ ಕಡೆಯಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದಿದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವಲ್ಲ, ಅದೇ ಮಸಾಲೆ ವ್ಯಾಪಾರದ ಇನ್ನೊಂದು ಮುಖ ಇದು.

ಭಾರತದವರು ಎಂದರೆ ಹಿಂದಿ ಸಿನಿಮಾದ ಮಾತು ಬರುತ್ತದೆ. ಅದರಾಚೆ ಒಂದು ಗಟ್ಟಿ ನಂಟೂ ಇದೆ. ಡಚ್ಚರು ಮೊಹಮ್ಮದ್ ಹಟ್ಟಾ, ಸುತನ್ ಶಾಹ್ರಿರ್ ಇಬ್ಬರನ್ನೂ 1936ರಿಂದ 1942ರವರೆಗೆ ನೈರಾದಲ್ಲೇ ಗಡಿಪಾರು ಇಟ್ಟಿದ್ದರು. ಹಟ್ಟಾ ಆಮೇಲೆ ಸ್ವತಂತ್ರ ಇಂಡೊನೇಷ್ಯಾದ ಮೊದಲ ಉಪಾಧ್ಯಕ್ಷರಾದರು, ಶಾಹ್ರಿರ್ ಮೊದಲ ಪ್ರಧಾನಿ. 1947ರಲ್ಲಿ ಡಚ್ಚರ ಕಣ್ಣು ತಪ್ಪಿಸಿ ಜಾವಾದಿಂದ ಶಾಹ್ರಿರ್ ಅವರನ್ನು ವಿಮಾನದಲ್ಲಿ ಹೊರಗೆ ತಂದದ್ದು ಒಡಿಶಾದ ಬಿಜು ಪಟ್ನಾಯಕ್. ನೈರಾದ ಮನೆಗಳನ್ನು ನೋಡಲು ಹೋದಾಗ ಇದನ್ನು ಹೇಳಿ ನೋಡಿ, ಚಹಾ ಗ್ಯಾರಂಟಿ.

ಕಾಯಿ ಒಣಗುವ ಜಾಗ

ತೋಟಕ್ಕೆ ಕರೆದುಕೊಂಡು ಹೋಗಲು ಕೇಳಿ, ಬೇಡ ಎನ್ನುವುದಿಲ್ಲ. ಮೇಲೆ ಭಾರಿ ಕೆನಾರಿ ಮರಗಳ ನೆರಳು, ಕೆಳಗೆ ಜಾಯಿಕಾಯಿ. ಉದ್ದದ ಕೋಲಿನ ತುದಿಗೆ ಬಿದಿರಿನ ಸಣ್ಣ ಬುಟ್ಟಿ, ಅದರ ಬಾಯಿಗೆ ಕೊಕ್ಕೆ, ಬಿರಿದ ಕಾಯಿಯನ್ನು ಎಳೆದರೆ ಬುಟ್ಟಿಯೊಳಗೇ ಬೀಳುತ್ತದೆ. ನಾವು ಕೆಳಗೆ ಬಿದ್ದದ್ದನ್ನು ಆರಿಸಿಕೊಳ್ಳುತ್ತೇವೆ, ಮಳೆಯಲ್ಲಿ ಒದ್ದೆ ಸೊಪ್ಪಿನ ನಡುವೆ ಎರಡು ದಿನ ಬಿದ್ದದ್ದನ್ನೂ ಬಿಡುವುದಿಲ್ಲ. ಈ ಕೋಲಿನ ಅಳತೆ, ಫೋಟೊ ತೆಗೆದುಕೊಂಡು ಬನ್ನಿ, ನಮ್ಮ ಕಡೆಯ ಬಿದಿರಿನಲ್ಲಿ ಮಾಡಿಸಬಹುದು. ಗಿಡಗಳಲ್ಲಿ ಎಷ್ಟೋ ಬೀಜದಿಂದ ತಾನಾಗಿ ಹುಟ್ಟಿದ್ದು, ದೊಡ್ಡ ಪಾರಿವಾಳಗಳು ಕಾಯಿ ನುಂಗಿ ಬೀಜ ಉದುರಿಸುತ್ತವೆ. ಹೀಗೆ ಹುಟ್ಟಿದ್ದರಲ್ಲಿ ಅರ್ಧದಷ್ಟು ಕಾಯಿ ಬಿಡದ ಗಂಡು, ಅದು ಗೊತ್ತಾಗುವುದು ಆರೆಂಟು ವರ್ಷ ಸಾಕಿ ಹೂ ಬಂದ ಮೇಲೆ. ನಮ್ಮಲ್ಲಿ ಈಗ ಕಸಿ ಗಿಡ ಹಾಕುವುದರಿಂದ ಈ ಜೂಜು ಕಡಿಮೆ ಆಗಿದೆ. ಅಲ್ಲಿ ಕಸಿ ಯಾರು ಮಾಡುತ್ತಿದ್ದಾರೆ, ಸತ್ತ ಮರದ ಜಾಗಕ್ಕೆ ಹೊಸದನ್ನು ನೆಡುತ್ತಿದ್ದಾರಾ ಎಂದು ನೋಡಿ. ಹೊಸ ಸಸಿ ನೆಡುವ ಊರಿನಲ್ಲಿ ಯಾರೋ ಇಪ್ಪತ್ತು ವರ್ಷ ಮುಂದಿನದನ್ನು ಯೋಚಿಸುತ್ತಿದ್ದಾರೆ ಎಂದರ್ಥ.

ಆಮೇಲೆ ಒಣಗಿಸುವುದು. ಜಾಪತ್ರೆಯನ್ನು ಬಿಡಿಸಿ ಬಿಸಿಲಿಗೆ ಹರವುತ್ತಾರೆ. ಓಡಿನೊಳಗಿನ ಕಾಯಿಯನ್ನು ಅಟ್ಟದ ಮೇಲೆ ಹಾಕಿ ಕೆಳಗಿನಿಂದ ಸಣ್ಣ ಬೆಂಕಿ, ಹೊಗೆ ಕೊಡುತ್ತಾರೆ, ಅಲ್ಲಾಡಿಸಿದರೆ ಒಳಗೆ ಗಲಗಲ ಎನ್ನುವವರೆಗೆ. ಈ ಹೊಗೆ ಅಟ್ಟ ನೋಡಿದರೆ ಮಲೆನಾಡಿನವರಿಗೆ ಮನೆ ನೆನಪಾಗುತ್ತದೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ, ಯಾಕೆಂದರೆ ದುಡ್ಡು ಬರುವುದೂ ಹೋಗುವುದೂ ಇಲ್ಲೇ. ಸರಿಯಾಗಿ ಒಣಗದ ಕಾಯಿಗೆ ಬೂಸ್ಟು ಹಿಡಿಯುತ್ತದೆ, ಆ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಬರುತ್ತದೆ. ಜಾಯಿಕಾಯಿಯಲ್ಲಿ ಇದರ ಒಟ್ಟು ಪ್ರಮಾಣ ಕಿಲೋಗೆ 10 ಮೈಕ್ರೋಗ್ರಾಂ ದಾಟಬಾರದು ಎಂದು ಯುರೋಪಿಯನ್ ಒಕ್ಕೂಟದ ಮಿತಿ. 2016ರಲ್ಲಿ ಅವರು ಇಂಡೊನೇಷ್ಯಾದ ಜಾಯಿಕಾಯಿಗೆ ವಿಶೇಷ ತಪಾಸಣೆ ಹಾಕಿದರು. ಅದೇ ಆದೇಶದಲ್ಲಿ ಭಾರತದ ಜಾಯಿಕಾಯಿಯೂ ಇತ್ತು! ಹಾಗಾಗಿ ಅವರ ತೊಂದರೆ ನೋಡಿ ಮರುಕಪಡುವ ಅಗತ್ಯವಿಲ್ಲ, ಇಬ್ಬರದ್ದೂ ಒಂದೇ ತೊಂದರೆ.

ಕೇಳಬೇಕಾದದ್ದು ಇಷ್ಟು. ಬಿರಿದ ಕಾಯಿ ಮಾತ್ರ ಕೊಯ್ಯುತ್ತಾರಾ, ಇಲ್ಲ ಕೈಯಲ್ಲಿ ಕಾಸಿಲ್ಲದ ತಿಂಗಳು ಎಳೆಯದನ್ನೂ ಕೊಯ್ದುಬಿಡುತ್ತಾರಾ? ಎಳೆಯದು ಒಣಗಿದಾಗ ಸುಕ್ಕಾಗುತ್ತದೆ, ಹುಳ ಬೀಳುತ್ತದೆ, ವ್ಯಾಪಾರದಲ್ಲಿ ಅದಕ್ಕೆ ಬಿಡಬ್ಲ್ಯೂಪಿ ಎಂಬ ಕೆಳಗಿನ ದರ್ಜೆ. ದುಂಡನೆಯ ಗಟ್ಟಿ ಕಾಯಿಗೆ ಎಬಿಸಿಡಿ ದರ್ಜೆ. ಆದರೆ ಹಳ್ಳಿಯಲ್ಲಿ ಕೊಳ್ಳುವವನು ದರ್ಜೆ ಬೇರೆ ಮಾಡಿ ದರ ಕೊಡುತ್ತಾನಾ, ಅಥವಾ ಎಲ್ಲ ಒಟ್ಟಿಗೆ ತೂಗುತ್ತಾನಾ? ಒಟ್ಟಿಗೆ ತೂಗಿದರೆ ಚೆನ್ನಾಗಿ ಒಣಗಿಸಿದವನಿಗೆ ನಷ್ಟವೇ, ಯಾಕೆಂದರೆ ಒಣಗಿದಷ್ಟೂ ತೂಕ ಕಡಿಮೆ. ಮುಂದಿನ ವರ್ಷ ಅವನೂ ಹಸಿಯಾಗಿಯೇ ಕೊಡುತ್ತಾನೆ. ನನ್ನ ಅಭಿಪ್ರಾಯ ಕೇಳಿದರೆ ಈ ಊರುಗಳಿಗೆ ಬೇಕಾದದ್ದು ಹೊಸ ಬೆಳೆಯಲ್ಲ, ರೆಸಾರ್ಟೂ ಅಲ್ಲ. ಮಳೆಯಲ್ಲೂ ಓಡುವ, ನಾಲ್ಕಾರು ಮನೆ ಸೇರಿ ನಡೆಸುವ ಒಂದು ಡ್ರೈಯರ್, ಮತ್ತು ದರ್ಜೆ ನೋಡಿ ದರ ಕೊಡುವ ಒಬ್ಬ ಗಿರಾಕಿ. ಎರಡರಲ್ಲಿ ಗಿರಾಕಿ ಮೊದಲು ಬೇಕು. ಬರೀ ಡ್ರೈಯರ್ ಕೊಟ್ಟರೆ ಅದರ ಮೇಲೆ ಬಟ್ಟೆ ಒಣಗುತ್ತದೆ.

ಮೀನು, ಬೋರ್ಡು, ಹುಡುಗರು

ಮೀನುಗಾರಿಕೆ ಬಗ್ಗೆ ಕಾರವಾರದವರಿಗೆ ನಾನು ಹೇಳುವುದೇನಿದೆ. ಅಲ್ಲಿ ದೊಡ್ಡ ಟ್ಯೂನಾವನ್ನು ಕೈಗಾಳದಲ್ಲಿ, ಸಣ್ಣ ದೋಣಿಯಲ್ಲಿ ಒಬ್ಬಿಬ್ಬರೇ ಹೋಗಿ ಹಿಡಿಯುತ್ತಾರೆ. ಒಂದೊಂದು ಮೀನಿಗೆ ಒಳ್ಳೆಯ ಬೆಲೆ, ಆದರೆ ಐಸ್ ಇದ್ದರೆ ಮಾತ್ರ. ಇದೇ ಮಾಲುಕುವಿನ ಬುರು ದ್ವೀಪದ ಗಾಳದವರು ಸಂಘ ಕಟ್ಟಿಕೊಂಡು 2014ರಲ್ಲಿ ಹಿಡಿದವರಿಗೆ ನ್ಯಾಯದ ಪಾಲು ಸಿಗುತ್ತದೆ ಎನ್ನುವ ಫೇರ್ ಟ್ರೇಡ್, 2020ರಲ್ಲಿ ಮೀನಿನ ಸಂತತಿ ಕೆಡದ ಹಾಗೆ ಹಿಡಿಯುತ್ತಾರೆ ಎನ್ನುವ ಎಂಎಸ್‌ಸಿ ಪ್ರಮಾಣಪತ್ರ ಪಡೆದರು. ಅಂದರೆ ಸಣ್ಣ ದೋಣಿಯವರಿಗೆ ವಿದೇಶದ ಮಾರುಕಟ್ಟೆ ಮುಚ್ಚಿಲ್ಲ. ಆದರೆ ಪ್ರತಿ ಮೀನಿನ ಲೆಕ್ಕ ಬರೆದಿಡಬೇಕು, ತಣ್ಣಗೆ ಸಾಗಿಸಬೇಕು, ಮತ್ತೆ ದೋಣಿಯ ಮಾತಿಗೇ ಬಂದೆವು.

ಹಳ್ಳಿಯ ಕಚೇರಿಯ ಮುಂದೆ ಒಂದು ದೊಡ್ಡ ಬ್ಯಾನರ್ ಇರುತ್ತದೆ, ಅದರ ತುಂಬ ಅಂಕಿಗಳು. ಅದು ಆ ವರ್ಷದ ಹಳ್ಳಿಯ ಬಜೆಟ್. 2014ರ ಹಳ್ಳಿ ಕಾಯ್ದೆ ಬಂದ ಮೇಲೆ, 2015ರಿಂದ ಕೇಂದ್ರ ಸರ್ಕಾರದ ದುಡ್ಡು ದಾನಾ ದೆಸಾ ಎಂಬ ಹೆಸರಿನಲ್ಲಿ ಹಳ್ಳಿಗಳಿಗೆ ಬರುತ್ತಿದೆ. ಫೋಟೊ ತೆಗೆದು, ಫೋನಿನ ಅನುವಾದಕದಲ್ಲಿ ಓದಿಕೊಳ್ಳಿ. ಜೆಟ್ಟಿ ರಿಪೇರಿಗೆ ಎಷ್ಟು, ನೀರಿನ ತೊಟ್ಟಿಗೆ ಎಷ್ಟು, ಕಾಂಕ್ರೀಟ್ ರಸ್ತೆಗೆ ಎಷ್ಟು. ಒಂದು ಜೀಪೂ ಇಲ್ಲದ ದ್ವೀಪದಲ್ಲಿ ರಸ್ತೆಗೇ ಜಾಸ್ತಿ ಇಟ್ಟಿದ್ದರೆ ನಗಬೇಡಿ, ನಮ್ಮ ಪಂಚಾಯಿತಿಗಳನ್ನು ನೆನೆಸಿಕೊಳ್ಳಿ.

ಹುಡುಗರು ಊರು ಬಿಡುತ್ತಾರೆ. ಓದಿಗೆ ನೈರಾ, ಆಮೇಲೆ ಅಂಬೊನ್, ಕೆಲಸ ಸಿಕ್ಕರೆ ಅಲ್ಲೇ. ಬೆಂಗಳೂರಿನಲ್ಲಿ ಮಕ್ಕಳಿರುವ ನಮ್ಮ ಮನೆಗಳಲ್ಲಿ ಕೂತು ಅವರಿಗೆ ಊರು ಬಿಡಬೇಡಿ ಎಂದು ಹೇಳುವ ಹಕ್ಕು ನಮಗಿಲ್ಲ, ಅಲ್ವಾ? ಕೇಳಬೇಕಾದ್ದು ವಾಪಸು ಬಂದವರನ್ನು. ಪ್ರತಿ ಹಳ್ಳಿಯಲ್ಲೂ ಅಂಥವರು ಇಬ್ಬರೋ ಮೂವರೋ ಸಿಗುತ್ತಾರೆ: ಹೋಮ್‌ಸ್ಟೇ ಹಾಕಿದವರು, ಜ್ಯಾಮ್ ಮಾಡಿ ನೈರಾದಲ್ಲಿ ಮಾರುವವರು, ಡೈವಿಂಗಿಗೆ ಬರುವವರಿಗೆ ದೋಣಿ ಓಡಿಸುವವರು. ಯಾಕೆ ಬಂದಿರಿ, ಏನಾದರೆ ಮತ್ತೆ ಹೋಗುತ್ತೀರಿ ಎಂದು ಕೇಳಿ. ಆ ಎರಡನೇ ಪ್ರಶ್ನೆಗೆ ಬರುವ ಉತ್ತರ ಬ್ಯಾನರಿನ ಅಂಕಿಗಿಂತ ಜಾಸ್ತಿ ಹೇಳುತ್ತದೆ.

ಜಾಗ ತೆಗೆಯುವ, ಬೀಜ ತರುವ ಆಸೆ ಇದ್ದವರಿಗೆ

ಖಂಡಿತ ಯಾರಾದರೂ ಕೇಳುತ್ತಾರೆ, ಅಲ್ಲಿ ಒಂದು ಎಕರೆ ತೆಗೆದರೆ ಹೇಗೆ ಅಂತ. ಆಗುವುದಿಲ್ಲ. 1960ರ ಭೂ ಕಾಯ್ದೆಯ ಪ್ರಕಾರ ಪೂರ್ಣ ಒಡೆತನದ ಹಕ್ಕು ಇಂಡೊನೇಷ್ಯಾದ ಪ್ರಜೆಗಳಿಗೆ ಮಾತ್ರ. ಸ್ಥಳೀಯರೊಬ್ಬರ ಹೆಸರಿನಲ್ಲಿ ತೆಗೆದು ಹಿಂದಿನಿಂದ ಕಾಗದ ಮಾಡಿಸಿಕೊಡುತ್ತೇನೆ ಎನ್ನುವ ದಲ್ಲಾಳಿಗಳಿರುತ್ತಾರೆ. ಆ ಕಾಗದ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ದುಡ್ಡೂ ಹೋಗುತ್ತದೆ, ಊರವರ ಜತೆ ಜಗಳವೂ ಉಳಿಯುತ್ತದೆ. ಆಗಮನದ ವೀಸಾದಲ್ಲಿ ಕೆಲಸ ಮಾಡುವ ಹಾಗೂ ಇಲ್ಲ.

ಇನ್ನು ಬೀಜ. ಮೂಲ ಊರಿನ ತಳಿ ಎಂದು ಎರಡು ಹಸಿ ಕಾಯಿ ಚೀಲದಲ್ಲಿ ಹಾಕಿಕೊಂಡು ಬರುವ ಆಸೆ ಎಲ್ಲ ತೋಟಿಗರಿಗೂ ಆಗುತ್ತದೆ. ಬೇಡ. ಭಾರತ ಸರ್ಕಾರದ 2003ರ ಸಸ್ಯ ಸಂಪರ್ಕ ನಿಷೇಧ (ಕ್ವಾರಂಟೈನ್) ಆದೇಶದ ಪ್ರಕಾರ ಆಮದು ಪರವಾನಗಿ, ರೋಗ ಇಲ್ಲ ಎಂಬ ಸರ್ಟಿಫಿಕೇಟು ಇಲ್ಲದೆ ನೆಡುವ ಬೀಜ, ಗಿಡ ತರುವಂತಿಲ್ಲ. ಅದೂ ಅಲ್ಲದೆ ಜಾಯಿಕಾಯಿ ಬೀಜ ಒಣಗಿದರೆ ಸತ್ತಂತೆ, ಕೆಲವೇ ದಿನಗಳಲ್ಲಿ ಮೊಳೆಯುವ ಶಕ್ತಿ ಹೋಗುತ್ತದೆ. ನೀವು ಅಂಬೊನ್‌ನಲ್ಲಿ ವಿಮಾನಕ್ಕೆ ಕಾಯುವಾಗಲೇ ಕಥೆ ಮುಗಿದಿರುತ್ತದೆ. ಒಳ್ಳೆಯ ಹೆಣ್ಣು ಮರದ ಕಸಿ ಬೇಕಿದ್ದರೆ ನಮ್ಮ ನರ್ಸರಿಗಳಲ್ಲೇ ಕೇಳಿ. ಕಲ್ಲಿಕೋಟೆಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ವಿಶ್ವಶ್ರೀ, ಕೇರಳಶ್ರೀ ಎಂಬ ತಳಿ ಬಿಟ್ಟಿದ್ದಾರೆ.

ವಾಪಸು

ವಾಪಸು ಟಿಕೆಟನ್ನು ದೋಣಿಯ ವೇಳೆಗೆ ಹೊಂದಿಸಿ ತೆಗೆಯಬೇಕು, ಆದರೆ ದೋಣಿ ವೇಳೆಗೆ ಬರುತ್ತದೆ ಎಂದು ನಂಬಬಾರದು. ಅಂಬೊನ್‌ನಿಂದ ಹೊರಡುವ ವಿಮಾನಕ್ಕೂ ನೈರಾ ಬಿಡುವ ದಿನಕ್ಕೂ ನಡುವೆ ಮೂರು ನಾಲ್ಕು ದಿನ ಖಾಲಿ ಇಟ್ಟುಕೊಳ್ಳಿ. ಆ ದಿನಗಳನ್ನು ಹಳ್ಳಿಯಲ್ಲಲ್ಲ, ನೈರಾದಲ್ಲಿ ಕಳೆಯಿರಿ. ಪೆಲ್ನಿ ಹಡಗು ರಾತ್ರಿ ಎರಡಕ್ಕೆ ಬಂದರೂ ಹತ್ತಲು ಅಲ್ಲಿದ್ದರೆ ಸುಲಭ. ವೀಸಾ ಮುಗಿಯಲು ಹತ್ತು ದಿನ ಇರುವಾಗಲೇ, ಇಮಿಗ್ರೇಶನ್ ಕಚೇರಿಗೆ ಖುದ್ದಾಗಿ ಹೋಗಲು ಆಗುವ ಕಡೆ ಇದ್ದುಕೊಂಡು ಮುಂದುವರಿಸುವ ಅರ್ಜಿ ಹಾಕಿಬಿಡಿ. ಅವಧಿ ಮೀರಿದರೆ ದಿನಕ್ಕೆ 10 ಲಕ್ಷ ರುಪಿಯಾ ದಂಡ, ಅಲೆ ಜೋರಿತ್ತು ಎಂದರೆ ಬಿಡುತ್ತಾರೆ ಎಂಬ ಧೈರ್ಯದಲ್ಲಿ ಇರಬೇಡಿ.